ಅರಮನೆಯಿಲ್ಲದ ಊರಿನ ಮನೆಗಳು

ಧಾರವಾಡದಲ್ಲಿ ಅರಮನೆಯಿಲ್ಲ. ಕೋಟೆಯೊಂದಿತ್ತು, ಈಗ ಅದರ ಹೆಬ್ಬಾಗಿಲು ಮಾತ್ರ ಉಳಿದು, ಸುತ್ತೆಲ್ಲ ಊರು ಬೆಳೆದಿದೆ. ಮೈಸೂರಿನಲ್ಲಿ ವೀಣೆ ಶೇಷಣ್ಣನವರಿಗೆ ಆಸ್ಥಾನವಿತ್ತು. ಕೊಲ್ಹಾಪುರದ ಛತ್ರಪತಿಗಳು ಅಲ್ಲಾದಿಯಾ ಖಾನರನ್ನು ದರ್ಬಾರಿನಲ್ಲಿ ಇಟ್ಟುಕೊಂಡಿದ್ದರು. ಧಾರವಾಡದಲ್ಲಿ ಇದ್ದದ್ದು ಮುಂಬಯಿ ಸರಕಾರದ ಕಲೆಕ್ಟರ್ ಕಚೇರಿ, ಕೋರ್ಟು, ಕೆಲವು ಶಾಲೆ, ಒಂದು ರೈಲ್ವೆ ಕಂಪನಿ. ಗವಾಯಿಗೆ ಬಿದಾಗಿ ಕೊಡುವ ದೊರೆಯಾಗಲಿ, ಪುಸ್ತಕ ಅಚ್ಚು ಹಾಕಿಸುವ ದಿವಾನರಾಗಲಿ ಇಲ್ಲಿರಲಿಲ್ಲ. ಆದರೂ 1890ರಿಂದ 1960ರ ತನಕದ ಎಪ್ಪತ್ತು ವರ್ಷಗಳಲ್ಲಿ ಈ ನಡುಗಾತ್ರದ ಊರು ಕನ್ನಡದ ಕಾವ್ಯಕ್ಕೆ, ನಾಟಕಕ್ಕೆ, ಏಕೀಕರಣಕ್ಕೆ, ಹಿಂದುಸ್ತಾನಿ ಗಾಯನಕ್ಕೆ ಕೊಟ್ಟದ್ದನ್ನು ನೋಡಿದರೆ ಬೆರಗಾಗುತ್ತದೆ. ಇದರ ಖರ್ಚು ಹೊತ್ತವರು ಯಾರು? ಹುಡುಕುತ್ತ ಹೋದರೆ ಸಿಗುವುದು ಮನೆಗಳು. ಯಾರದೋ ಪಡಸಾಲೆ, ಯಾರದೋ ಅಟ್ಟ, ಯಾರದೋ ವಾಡೆ. ರಾಜರು ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಮಾಸ್ತರರ, ವಕೀಲರ, ಗುಮಾಸ್ತರ ಸಂಸಾರಗಳು ಮಾಡಿದವು.

ಪೇಶ್ವೆಯ ಆಡಳಿತ 1818ರಲ್ಲಿ ಮುಗಿದು ಧಾರವಾಡ ಇಂಗ್ಲಿಷರ ಕೈಗೆ ಹೋಯಿತು. ಆರು ವರ್ಷಕ್ಕೆ ಕಿತ್ತೂರಿನ ಯುದ್ಧ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಅಲ್ಲಿ ಸತ್ತ. ಅವನ ಜೊತೆ ಹೋಗಿ ಕಿತ್ತೂರಿನಲ್ಲಿ ಸೆರೆ ಸಿಕ್ಕವರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯೂ ಒಬ್ಬ. ಬದುಕಿ ಬಂದ ಎಲಿಯಟ್ ಮುಂದೆ ಈ ಸೀಮೆಯ ಶಾಸನಗಳನ್ನು ನಕಲು ಮಾಡಿಸಿ ಕೂಡಿಟ್ಟ, ಕನ್ನಡ ಶಾಲೆಗಾಗಿ ಯತ್ನಿಸಿದ. ಆ ಯತ್ನದ ಅಗತ್ಯವೇನಿತ್ತೆಂಬುದು ಇಂದಿನ ಓದುಗರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಮುಂಬಯಿ ಸರಕಾರದ ಕಣ್ಣಿಗೆ ಇದು ದಕ್ಷಿಣ ಮರಾಠಾ ಪ್ರದೇಶ. ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ. ಮನೆಯಲ್ಲಿ ಕನ್ನಡ ಆಡುವ ಹುಡುಗ ಅಕ್ಷರ ಕಲಿಯುವುದು ಮಾತ್ರ ಇನ್ನೊಂದು ಭಾಷೆಯಲ್ಲಿ. ಇದನ್ನು ತಿರುಗಿಸಲು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟೊಂಕ ಕಟ್ಟಿದವರು ಡೆಪ್ಯುಟಿ ಚೆನ್ನಬಸಪ್ಪನವರು. ಊರೂರಿಗೆ ಕನ್ನಡ ಶಾಲೆ ಬೇಕೆಂದು ಹಟ ಹಿಡಿದರು. ಶಿಕ್ಷಣ ಇಲಾಖೆಯ ರಸೆಲ್ ಎಂಬ ಅಧಿಕಾರಿ ಅವರಿಗೆ ಒತ್ತಾಸೆಯಾದ. ಶಾಲೆಗಳು ಹುಟ್ಟಿದ ಮೇಲೆ ಮಾಸ್ತರರು ಬೇಕಾದರು. ಮಾಸ್ತರರನ್ನು ತಯಾರಿಸುವ ಟ್ರೇನಿಂಗ್ ಕಾಲೇಜು ಧಾರವಾಡದಲ್ಲಿತ್ತು. ಮುಂದಿನದೆಲ್ಲ ಇಲ್ಲಿಂದ ಬೆಳೆಯಿತೆಂದೇ ನನ್ನ ತಿಳಿವು. ಹಳ್ಳಿಹಳ್ಳಿಗಳಿಂದ ಓದಲು ಬಂದ ಬಡ ಹುಡುಗರು, ಅವರಿಗೆ ಪಾಠ ಹೇಳುವ ಮಾಸ್ತರರು, ಅವರೆಲ್ಲ ಬಾಡಿಗೆಗೆ ಹಿಡಿದ ಸಣ್ಣ ಸಣ್ಣ ಮನೆಗಳು: ಊರಿಗೆ ಇವೇ ಬಂಡವಾಳ.

ಆ ಮನೆಗಳು ಹೇಗಿದ್ದವು? ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಪೂರ್ವಕ್ಕೆ ನವಲಗುಂದದ ಕಡೆ ಹೋದರೆ ಕರಿಮಣ್ಣು, ಮಳೆ ಕಡಿಮೆ. ಅಲ್ಲಿ ಮಣ್ಣಿನ ಮೇಲ್ಮುದ್ದೆಯ ಸಪಾಟು ಮಾಳಿಗೆ ನಡೆಯುತ್ತದೆ. ಪಶ್ಚಿಮಕ್ಕೆ ಹಳಿಯಾಳದ ದಾರಿ ಹಿಡಿದರೆ ಕಾಡು, ಇಳಿಜಾರು ಹಂಚಿನ ಮಾಡು. ಧಾರವಾಡದಲ್ಲಿ ಎರಡೂ ಕೂಡಿವೆ. ದಪ್ಪ ಮಣ್ಣಿನ ಗೋಡೆ, ಸಾಗುವಾನಿ ಕಂಬ, ಬಾಗಿಲಿನ ಎರಡೂ ಬದಿಗೆ ಕೂರಲು ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಅದರಾಚೆ ನಡುಮನೆ, ಅಡುಗೆಮನೆ, ಹಿತ್ತಲಿನಲ್ಲಿ ಬಾವಿ. ಗೋಡೆಯೊಳಗೆ ದೀಪ ಇಡುವ ಗೂಡು, ಮಾಳಿಗೆಯಲ್ಲಿ ಬೆಳಕಿಂಡಿ. ಬಾಸೆಲ್ ಮಿಷನ್‌ನವರು 1837ರಲ್ಲೇ ಧಾರವಾಡಕ್ಕೆ ಬಂದಿದ್ದರು. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆರೆದ ಮೇಲೆ ಕೆಂಪು ಬಣ್ಣದ ಆ ಹಂಚು ಘಟ್ಟ ಹತ್ತಿ ಇಲ್ಲಿಗೂ ಬಂತು. ಈ ಮನೆಗಳಲ್ಲಿ ಪಡಸಾಲೆಯೇ ಮುಖ್ಯ. ಅದು ಅರ್ಧ ಮನೆಯವರದು, ಅರ್ಧ ಓಣಿಯವರದು. ನಾಲ್ಕು ಮಂದಿ ಬಂದರೆ ಮಾತು, ನಲವತ್ತು ಮಂದಿ ಬಂದರೆ ಬೈಠಕ್. ಜಮಖಾನೆ ಹಾಸಿ, ತಂಬೂರಿ ಶ್ರುತಿ ಮಾಡಿದರೆ ಸಾಕು. ‘ಬರ್ರಿ, ಒಳಗ ಬರ್ರಿ, ಚಾ ಕುಡದು ಹೋಗೀರಂತ’ ಎಂದು ಕರೆಯುವ ಊರಿನಲ್ಲಿ ಬಂದವರಿಗೆ ಚಹಾ ಕಾಸಿದ ಕೈಗಳ ಹೆಸರು ಯಾವ ಚರಿತ್ರೆಯಲ್ಲೂ ಬಂದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅಡುಗೆಮನೆಯ ಆ ಹೆಂಗಸರಿಲ್ಲದಿದ್ದರೆ ಗುಂಪೂ ಇಲ್ಲ, ಬೈಠಕ್ಕೂ ಇಲ್ಲ.

ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿದಾಗ ಅದರ ಮುಖ್ಯ ಕಚೇರಿ ಧಾರವಾಡಕ್ಕೆ ಬಂತು. ನೌಕರರು ಬಂದರು, ಸ್ಟೇಶನ್ನಿನ ಆಚೆ ಮಾಳಮಡ್ಡಿಯ ಕಡೆ ಊರು ಹಬ್ಬಿತು. 1896ರಲ್ಲಿ ಮುಂಬಯಿಗೆ ತಾಗಿದ ಪ್ಲೇಗು ಸ್ವಲ್ಪ ದಿನಕ್ಕೇ ಈ ಜಿಲ್ಲೆಗೂ ಬಂದು, ಜನ ಒತ್ತೊತ್ತಾದ ಓಣಿ ಬಿಟ್ಟು ಬಯಲಿಗೆ ಹೋಗುವಂತೆ ಮಾಡಿತು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿಹೋಗಿ ಕಚೇರಿಯೂ ಮದ್ರಾಸಿನ ಪಾಲಾಯಿತು. ಊರಿನ ಪಾಲಿಗೆ ದೊಡ್ಡ ಹೊಡೆತ. ಆದರೆ ಬಿಟ್ಟುಹೋದ ಆ ಕಲ್ಲಿನ ಭವ್ಯ ಕಟ್ಟಡ ಮುಂದೆ ಕರ್ನಾಟಕ ಕಾಲೇಜಿನದಾಯಿತು. ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕಾಗಿ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ವರ್ಗಣಿ ಎತ್ತಿದರು. ಅಲ್ಲಿಯ ತನಕ ಬಿ.ಎ. ಓದಬೇಕಾದರೆ ಹುಡುಗರು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಧಾರವಾಡದ ಮೊದಲ ತಲೆಮಾರಿನ ದೊಡ್ಡವರೆಲ್ಲ ಪುಣೆಯ ನೀರು ಕುಡಿದು ಬಂದವರೇ. ಅಲ್ಲಿ ಮರಾಠಿಗರು ತಮ್ಮ ಭಾಷೆಗಾಗಿ ಸಂಘ ಕಟ್ಟಿದ್ದನ್ನು, ಪತ್ರಿಕೆ ನಡೆಸಿದ್ದನ್ನು ಕಣ್ಣಾರೆ ಕಂಡು, ನಮಗೇಕೆ ಇಲ್ಲ ಎಂದು ಕೇಳಿಕೊಂಡು ಬಂದವರು.

ಆ ಪ್ರಶ್ನೆಗೆ ಮೊದಲ ಉತ್ತರ 1890ರ ಜುಲೈ 20ರಂದು ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ. ರಾ.ಹ. ದೇಶಪಾಂಡೆಯವರು ಅದರ ಮೂಲಪುರುಷರು. ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷಣೆ ಅವರದೇ. 1896ರಲ್ಲಿ ಸಂಘದ ‘ವಾಗ್ಭೂಷಣ’ ಪತ್ರಿಕೆ ಹೊರಟಿತು. ಆಮೇಲೆ ಆಲೂರು ವೆಂಕಟರಾಯರು ಬಂದರು. ವಕೀಲಿ ಓದಿದವರು, ಅದನ್ನು ಬಿಟ್ಟು ಕನ್ನಡದ ಹುಚ್ಚು ಹಿಡಿಸಿಕೊಂಡವರು. ಹಂಪಿಯ ಹಾಳು ಕಂಡು ಬಂದ ಮೇಲೆ ಅವರಿಗೆ ಬೇರೆ ಯೋಚನೆಯೇ ಇಲ್ಲದಂತಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. 1922ರಲ್ಲಿ ‘ಜಯಕರ್ನಾಟಕ’ ಪತ್ರಿಕೆ ತೆಗೆದರು. ಬೆಂಗಳೂರಿನಲ್ಲಿ 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೂ ಮೊದಲೇ ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನ ಕೂಡಿಸಿದವರು ಇವರು. ಒಂದು ಭಾಷೆ ಆಡುವ ಜನ ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿರುವಾಗ, ಅವರನ್ನು ಒಂದೆಡೆ ಕೂಡಿಸುವ ಕನಸು ಧಾರವಾಡದಲ್ಲೇ ಗಟ್ಟಿಯಾದದ್ದಕ್ಕೆ ಕಾರಣವಿದೆ. ಮೈಸೂರಿನವರಿಗೆ ಕನ್ನಡದ ರಾಜ್ಯ ಇದ್ದೇ ಇತ್ತು. ಇಲ್ಲಿನವರಿಗೆ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲದವರಿಗೆ ಹಸಿವು ಹೆಚ್ಚು.

ಈ ಹಸಿವು ಪುಸ್ತಕದ ಜಗಲಿಯಲ್ಲಷ್ಟೇ ಉಳಿಯಲಿಲ್ಲ, ಬೀದಿಗೂ ಬಂತು. 1921ರ ಜುಲೈ 1ರಂದು ಜಕಣಿ ಬಾವಿಯ ಹತ್ತಿರ ಸೆರೆ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡುತ್ತಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಖಿಲಾಫತ್ತಿನ ದಿನಗಳು ಅವು. ಜಕಣಿ ಬಾವಿಯ ಬಳಿ ಅವರ ಸ್ಮಾರಕವಿದೆ. ಪೇಟೆಗೆ ಹೋಗುವವರು ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.

ಇದರ ಮರುವರ್ಷದ ಸುಮಾರಿಗೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ತರುಣ ಮಾಸ್ತರರ ಸುತ್ತ ಒಂದು ಗುಂಪು ಕೂಡತೊಡಗಿತು. ‘ಗೆಳೆಯರ ಗುಂಪು’ ಎಂದೇ ಅದರ ಹೆಸರು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಎನ್ಕೆ ಕುಲಕರ್ಣಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಮಧುರಚೆನ್ನ. ಒಬ್ಬರು ಸಂಶೋಧಕರು, ಒಬ್ಬರು ಜಾನಪದದ ಬೆನ್ನು ಹತ್ತಿದವರು, ಒಬ್ಬರು ಅನುಭಾವಿ. ಕೂಡುವುದು ಒಮ್ಮೆ ಒಬ್ಬರ ಮನೆಯಲ್ಲಿ, ಒಮ್ಮೆ ಅತ್ತಿಕೊಳ್ಳದ ಬಯಲಿನಲ್ಲಿ. ಸಭೆಗೆ ಅಧ್ಯಕ್ಷರಿಲ್ಲ, ಖುರ್ಚಿಯಿಲ್ಲ. ಬರೆದದ್ದನ್ನು ಓದುವುದು, ಜಗಳಾಡುವುದು, ಮತ್ತೆ ಬರೆಯುವುದು. ನವರಾತ್ರಿಯಲ್ಲಿ ‘ನಾಡಹಬ್ಬ’ ಎಂಬ ಹೊಸ ಹಬ್ಬವನ್ನೇ ಅವರು ಹುಟ್ಟುಹಾಕಿದರು. ಗಣಪತಿ ಹಬ್ಬವನ್ನು ಟಿಳಕರು ಬೀದಿಗೆ ತಂದದ್ದನ್ನು ಕಂಡಿದ್ದ ಸೀಮೆ ಇದು. ನವರಾತ್ರಿಯ ಒಂಬತ್ತು ದಿನ ಭುವನೇಶ್ವರಿಯನ್ನಿಟ್ಟು ಭಾಷಣ, ಹಾಡು, ನಾಟಕ ನಡೆಸಿದರು. ಹಬ್ಬ ಊರಿಂದೂರಿಗೆ ಹಬ್ಬಿತು. ಕನ್ನಡ ನಾಡು ಎಂಬುದು ನಕಾಶೆಯಲ್ಲಿ ಮೂಡುವುದಕ್ಕೆ ಮೂವತ್ತು ವರ್ಷ ಮೊದಲೇ ಜನ ಅದರ ಹಬ್ಬ ಮಾಡುತ್ತಿದ್ದರು. ರಾಜಕಾರಣಿಗಳ ಠರಾವಿಗಿಂತ ಇದರ ಶಕ್ತಿ ದೊಡ್ಡದಾಗಿತ್ತೆಂದು ನಾನು ನಂಬಿದ್ದೇನೆ.

ಬೇಂದ್ರೆಯವರ ಬದುಕು ಸುಖದ್ದಲ್ಲ. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದರು, ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಮಣ್ಣು ಮಾಡಿದರು. ‘ನರಬಲಿ’ ಕವಿತೆಗಾಗಿ ಸರಕಾರ 1932ರಲ್ಲಿ ಜೈಲಿಗೆ ಹಾಕಿತು. ಆಮೇಲೆ ಧಾರವಾಡದ ಹತ್ತಿರದ ಮುಗದ ಹಳ್ಳಿಯಲ್ಲಿ ಸ್ಥಾನಬದ್ಧತೆ. ಮಾಸ್ತರಿಕೆ ಹೋಯಿತು. ವರ್ಷಗಟ್ಟಲೆ ನೆಟ್ಟಗಿನ ನೌಕರಿಯಿರಲಿಲ್ಲ. 1944ರಲ್ಲಿ ಸೊಲ್ಲಾಪುರದ ಕಾಲೇಜಿಗೆ ಹೋಗಿ 1956ರ ತನಕ ಅಲ್ಲಿ ಕನ್ನಡ ಕಲಿಸಿದರು. ತಿರುಗಿ ಬಂದದ್ದು ಸಾಧನಕೇರಿಗೆ. ‘ಶ್ರೀಮಾತಾ’ ಎಂಬ ಆ ಮನೆಯ ಎದುರಿಗೆ ಕೆರೆ, ಕೆರೆಯ ದಂಡೆಗೆ ಗಿಡಮರ. ದೊಡ್ಡ ಬಂಗಲೆಯೇನಲ್ಲ. ಆದರೆ ಈ ಕೇರಿಗೆ ಬಾ ಎಂದು ಹಾಡು ಕಟ್ಟಿ ಕರೆದ ಕವಿಯ ಮನೆಗೆ ಬಾರದವರಿಲ್ಲ. ಶಾಲೆಯ ಹುಡುಗರೂ ಬಂದರು, ಕುಲಪತಿಗಳೂ ಬಂದರು. ಸಂಖ್ಯೆಗಳ ಲೆಕ್ಕದಿಂದ ವೇದದ ತನಕ ಬೇಂದ್ರೆಯವರ ಮಾತು ಹರಿಯುತ್ತಿತ್ತು. ಜ್ಞಾನಪೀಠ ಬಂದಾಗಲೂ ವಿಳಾಸ ಅದೇ.

ಸುಭಾಸ ರಸ್ತೆಯ ಲಕ್ಷ್ಮೀ ಭವನದ ಅಟ್ಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕನ್ನಡದ ಪುಸ್ತಕಲೋಕದಲ್ಲಿ ‘ಅಟ್ಟ’ ಎಂದರೆ ಸಾಕು, ಯಾವ ಅಟ್ಟ ಎಂದು ಯಾರೂ ಕೇಳುವುದಿಲ್ಲ. ಗೆಳೆಯರ ಗುಂಪಿನಲ್ಲೇ ಬೆಳೆದ ಜಿ.ಬಿ. ಜೋಶಿ 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟ ಅದು. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು ಇವರೇ. ಕನ್ನಡ ಪುಸ್ತಕ ಕೊಂಡು ಓದುವವರೇ ಕಡಿಮೆಯಿದ್ದ ಕಾಲ. ಜೋಶಿಯವರು ಹಿಡಿದದ್ದು ಚಂದಾದಾರರ ದಾರಿ. ವರ್ಷದ ಚಂದಾ ಮೊದಲೇ ಕೊಟ್ಟವರಿಗೆ ವರ್ಷವಿಡೀ ಪುಸ್ತಕಗಳು. ಚಂದಾ ಕೂಡಿಸಲು ಅವರು ಊರೂರು ತಿರುಗಿದರು. ಶಾಲಾ ಮಾಸ್ತರರ, ಕಚೇರಿ ಕಾರಕೂನರ ಮನೆಗಳ ಬಾಗಿಲು ತಟ್ಟಿದರು. ಸಣ್ಣ ಸಂಬಳದಲ್ಲಿ ಸಂಸಾರ ತೂಗಿಸುವ ಮನೆಯೊಂದು ಪುಸ್ತಕಕ್ಕೆ ದುಡ್ಡು ತೆಗೆದಿಡುವುದೆಂದರೆ ಏನೆಂದು ಅಂಥ ಮನೆಯಲ್ಲಿ ಬೆಳೆದವರಿಗೆ ಗೊತ್ತು. ಕಾದಂಬರಿ, ನಾಟಕ, ವಿಮರ್ಶೆ ಎಲ್ಲವೂ ಹೀಗೆಯೇ ಹೊರಬಂದವು.

ಗ್ರಂಥಮಾಲೆಗೆ ಸಾಹಿತ್ಯ ಸಲಹೆಗಾರರಾಗಿ ಕೀರ್ತಿನಾಥ ಕುರ್ತಕೋಟಿ ಬಂದ ಮೇಲೆ ಅಟ್ಟದ ಬೈಠಕ್ಕಿಗೆ ಬೇರೆಯೇ ಕಳೆ ಬಂತು. ಕುರ್ತಕೋಟಿಯವರ ಕಿವಿ ದೊಡ್ಡದು. ಹಸ್ತಪ್ರತಿ ಓದಿಸಿಕೊಂಡು, ಎಲ್ಲಿ ಜೀವವಿದೆ, ಎಲ್ಲಿಲ್ಲ ಎಂದು ಬೆರಳಿಟ್ಟು ಹೇಳಬಲ್ಲವರು. ಎ.ಕೆ. ರಾಮಾನುಜನ್ ಧಾರವಾಡಕ್ಕೆ ಬಂದರೆ ಅಟ್ಟಕ್ಕೆ ಬಾರದೆ ಹೋಗುತ್ತಿರಲಿಲ್ಲ. ಅವರ ಕನ್ನಡ ಕವನಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಇಲ್ಲಿಂದಲೇ ಬಂತು. ಅದಕ್ಕೂ ಮೊದಲು, ಇಪ್ಪತ್ತೆರಡು ವರ್ಷದ ಗಿರೀಶ ಕಾರ್ನಾಡ ಎಂಬ ಹುಡುಗ ಆಕ್ಸ್‌ಫರ್ಡಿಗೆ ಹೊರಡುವ ಗಡಿಬಿಡಿಯಲ್ಲಿ ನಾಟಕವೊಂದನ್ನು ಬರೆದಿದ್ದ. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದು ಕನಸು ಕಂಡಿದ್ದವನು, ಬರೆದದ್ದು ಮಾತ್ರ ಕನ್ನಡದಲ್ಲಿ. ಹೆಸರಿಲ್ಲದ ಹುಡುಗನ ಮೊದಲ ನಾಟಕ. ಜೋಶಿಯವರು ಅದನ್ನು ಒಪ್ಪಿದರು. 1961ರಲ್ಲಿ ‘ಯಯಾತಿ’ ಅಚ್ಚಾದಾಗ ಲೇಖಕ ಇಂಗ್ಲೆಂಡಿನಲ್ಲಿದ್ದ. ಪುಸ್ತಕವಾದ ಆ ನಾಟಕವೇ ತನ್ನನ್ನು ತಿರುಗಿ ಈ ನೆಲಕ್ಕೆ ಎಳೆದು ತಂದಿತೆಂದು ಕಾರ್ನಾಡರು ಮುಂದೆ ಹೇಳಿಕೊಂಡರು. ಅಟ್ಟದಲ್ಲಿ ಕೂತ ಇಬ್ಬರು ಮೂವರು ಒಂದು ಹಸ್ತಪ್ರತಿಗೆ ಹೂಂ ಅಂದದ್ದರಿಂದ ಕನ್ನಡ ರಂಗಭೂಮಿಯ ದಿಕ್ಕೇ ಹೊರಳಿತು.

ಇನ್ನು ಸಂಗೀತ. ಇಲ್ಲಿಯ ಕಥೆಯಲ್ಲಿ ಸೊಗಸೂ ಇದೆ, ನೋವೂ ಇದೆ.

ಉತ್ತರದ ಉಸ್ತಾದರು ಮೈಸೂರು ಅರಮನೆಗೆ ಹಾಡಲು ಹೋಗುವ ದಾರಿಯಲ್ಲಿ ಹುಬ್ಬಳ್ಳಿ ಧಾರವಾಡ ಸಿಗುತ್ತಿದ್ದವು. ರೈಲಿಳಿದು ನಾಲ್ಕು ದಿನ ತಂಗುತ್ತಿದ್ದರು. ಭಾಸ್ಕರಬುವಾ ಬಖಲೆಯಂಥ ಗವಾಯಿ ಇಲ್ಲಿಯ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಮಾಸ್ತರಿಕೆ ಮಾಡಿದರು. ಸಿತಾರ ವಾದಕ ರಹಿಮತ್ ಖಾನರು ಇಲ್ಲೇ ನೆಲೆ ನಿಂತು 1931ರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ತೆರೆದರು; ಮಕ್ಕಳು ಮೊಮ್ಮಕ್ಕಳಲ್ಲಿ ಸಿತಾರ ಆ ಮನೆತನದ ಉಸಿರಾಯಿತು.

ಶುಕ್ರವಾರಪೇಟೆಯ ಒಂದು ಮನೆಯಲ್ಲಿ ಅಂಬಾಬಾಯಿ ಎಂಬವರು ಕರ್ನಾಟಕ ಸಂಗೀತ ಹಾಡುತ್ತಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಅವರ ಹಾಡು ಕೇಳಲು ಆ ಮನೆಗೆ ಬಂದು ಕೂರುತ್ತಿದ್ದರು. ಅಂಬಾಬಾಯಿಯ ಮಗಳು ಗಂಗೂಬಾಯಿ, 1913ರ ಮಾರ್ಚ್ 5ರಂದು ಹುಟ್ಟಿದವರು. ಆ ಓಣಿ ಬ್ರಾಹ್ಮಣರ ಓಣಿ. ನೆರೆಯ ತೋಟದ ಮಾವಿನಕಾಯಿಗೆ ಹೋದ ಎಳೆಯ ಹುಡುಗಿಯನ್ನು ಗಾಯಕಿಯ ಮಗಳೆಂದು ಬೈದು ಓಡಿಸಿದ್ದನ್ನು ಅವರು ಮುಪ್ಪಿನಲ್ಲೂ ಮರೆಯದೆ ಹೇಳುತ್ತಿದ್ದರು. ಅಂದು ಬೈದ ಜನವೇ ದೊಡ್ಡ ಗಾಯಕಿಯಾದ ಮೇಲೆ ಕರೆದು ಊಟಕ್ಕೆ ಹಾಕಿದ್ದನ್ನೂ ಹೇಳುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಆ ಅಧಿವೇಶನದಲ್ಲಿ, ಹಾಡಲು ಹೋದ ಹನ್ನೊಂದು ವರ್ಷದ ಹುಡುಗಿಗೆ ಹಾಡಿನ ಚಿಂತೆಯಿರಲಿಲ್ಲ. ಊಟದ ಹೊತ್ತಿಗೆ ಬೇರೆ ಕೂರಿಸುತ್ತಾರೇನೋ, ಎಲೆ ಎತ್ತಿಸುತ್ತಾರೇನೋ ಎಂಬುದೇ ಭಯ. ನಮ್ಮ ಪಡಸಾಲೆಗಳನ್ನು ಹೊಗಳುವಾಗ ಇದನ್ನೂ ನೆನೆಯಬೇಕು. ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ತೆರೆದರೂ ಕೆಲವರಿಗೆ ಪಡಸಾಲೆಯ ತನಕ ಮಾತ್ರ.

ಮಗಳು ಹಿಂದುಸ್ತಾನಿ ಕಲಿಯಬೇಕೆಂದು ತಾಯಿ 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಹೋದರು. ಮಗಳ ದನಿಗೆ ತನ್ನ ಪದ್ಧತಿಯ ನೆರಳು ತಾಕಬಾರದೆಂದು ತನ್ನ ಹಾಡನ್ನೇ ನಿಲ್ಲಿಸಿದರು. ಅಷ್ಟು ದೊಡ್ಡ ವಿದ್ಯೆಯನ್ನು ನುಂಗಿಕೊಂಡು ಕೂತ ಆ ತಾಯಿ 1932ರಲ್ಲಿ ತೀರಿಕೊಂಡರು.

ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರು ಆಚೆಗೆ ಕುಂದಗೋಳ. ಅಲ್ಲಿ ನಾಡಿಗೇರ ವಾಡೆಯಿದೆ. ದೊಡ್ಡ ಕಂಬಗಳ, ಎತ್ತರದ ಬಾಗಿಲಿನ ಜಹಗೀರುದಾರಿ ಮನೆ. ರಂಗನಗೌಡ ನಾಡಿಗೇರರು ಗಾನಪ್ರಿಯರು. ಅಬ್ದುಲ್ ಕರೀಂ ಖಾನರು ಅಲ್ಲಿ ಬಿಡಾರ ಮಾಡುತ್ತಿದ್ದರು. ವಾಡೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಗಣೇಶ ಸಂಶಿಯವರ ಮಗ ರಾಮಭಾವು ಖಾನರ ಹಾಡು ಕೇಳಿ ಅವರ ಬೆನ್ನು ಹತ್ತಿದ. ಆ ಹುಡುಗನೇ ಸವಾಯಿ ಗಂಧರ್ವ. ರಾಜನಿಲ್ಲದ ಸೀಮೆಯಲ್ಲಿ ದರ್ಬಾರಿಗೆ ತೀರ ಹತ್ತಿರದ್ದು ಯಾವುದಾದರೂ ಇದ್ದರೆ ಈ ವಾಡೆ. ಗುಮಾಸ್ತರ ಮಗನಿಗೂ ಅದರೊಳಗೆ ಕೂತು ಕೇಳುವ ಅವಕಾಶವಿತ್ತೆಂಬುದು ಅದರ ಹೆಚ್ಚುಗಾರಿಕೆ.

ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಸವಾಯಿ ಗಂಧರ್ವರು ಕುಂದಗೋಳಕ್ಕೆ ಮರಳಿದ ಮೇಲೆ, 1930ರ ದಶಕದ ಉತ್ತರಾರ್ಧದಲ್ಲಿ, ಗದಗಿನ ಹುಡುಗ ಭೀಮಸೇನ ಜೋಶಿ ಶಿಷ್ಯನಾಗಿ ಬಂದು ಗುರುಗಳ ಮನೆಯಲ್ಲೇ ಉಳಿದ. ಹಾಡು ಕಲಿಯುವ ಮೊದಲು ನೀರು ಹೊರುವ ಕೆಲಸ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಮುಗಿಸಿ ಸಂಜೆಯ ಗಾಡಿಗೆ ಮರಳುತ್ತಿದ್ದರು. ಸ್ಟೇಶನ್ನಿನ ತನಕ ಅವರನ್ನು ಕಳಿಸಿ ಬರಲು ಭೀಮಸೇನ ಜೊತೆಗೆ ನಡೆಯುತ್ತಿದ್ದ. ಗುರುಗಳು ಇವತ್ತು ಏನು ಹೇಳಿಕೊಟ್ಟರು ಅಂತ ದಾರಿಯುದ್ದಕ್ಕೂ ಕೇಳುವುದು, ಅಕ್ಕ ಹೇಳಿದ್ದನ್ನು ಮನಸ್ಸಿಗೆ ತಂದುಕೊಳ್ಳುವುದು. ಇಪ್ಪತ್ತನೆಯ ಶತಮಾನದ ಎರಡು ಮಹಾಕಂಠಗಳು ಹೀಗೆ ಸ್ವರ ಹಂಚಿಕೊಂಡು ನಡೆದ ಆ ಧೂಳಿನ ರಸ್ತೆಗೆ ಯಾವ ಫಲಕವೂ ಬೇಡ, ಆದರೆ ಕಲಿಕೆಯ ಈ ಬಗೆಯನ್ನು ಮರೆಯಬಾರದು.

ಅದೇ ಕಾಲಕ್ಕೆ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಮಂಜೀ ಖಾನರ, ಆಮೇಲೆ ಭುರ್ಜೀ ಖಾನರ ಪಾಠ ಅರಗಿಸಿಕೊಳ್ಳುತ್ತಿದ್ದರು. ಅಲ್ಲಾದಿಯಾ ಖಾನರ ಮಕ್ಕಳು ಇವರು. ಕೊಲ್ಹಾಪುರದ ದರ್ಬಾರಿನಲ್ಲಿ ಬೆಳೆದ ಆ ಬಿಗಿಯಾದ ಗಾಯಕಿ ಮನಸೂರ ಹಳ್ಳಿಯ ಒಕ್ಕಲು ಮನೆತನದ ಹುಡುಗನಿಗೆ ದಕ್ಕಿತು. ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಮನಸೂರರಿಗೆ ಇದ್ದ ಭಕ್ತಿ ಅವರ ಮನೆಯ ಹೆಸರಿನಲ್ಲೇ ಇದೆ: ‘ಮೃತ್ಯುಂಜಯ’. ಇದೇ ಮನೆಯಿಂದ ಹೊರಟು ದೇಶದ ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡಿ, ತಿರುಗಿ ಇದೇ ಮನೆಗೆ ಬಂದು, 1992ರ ಸೆಪ್ಟೆಂಬರ್ 12ರಂದು ಧಾರವಾಡದಲ್ಲೇ ತೀರಿಕೊಂಡರು. ಮುಂಬಯಿಯಲ್ಲಿ ನೆಲೆಸಿದ್ದರೆ ಬಹುಬೇಗ ಹೆಸರಾಗುತ್ತಿದ್ದರು ಎನ್ನುವವರಿದ್ದಾರೆ. ಇದ್ದೀತು. ಅವರಿಗೆ ಈ ಊರು ಬೇಕಿತ್ತು.

1950ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಹಿಂದಿನ ವರ್ಷ ಮುಂಬಯಿಯಲ್ಲಿ ಸ್ಥಾಪನೆಯಾಗಿದ್ದ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂತು. ಹಾಡುವವರಿಗೆ ಸಂಬಳ ಸಿಕ್ಕಿತು, ಬರೆಯುವವರಿಗೆ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಇದು ಆಗಲೇಬೇಕಿದ್ದ ಒಳ್ಳೆಯ ಕೆಲಸ. ಗವಾಯಿಯ ಹೊಟ್ಟೆಪಾಡು ಯಾರದೋ ಉದಾರತೆಯ ಮೇಲೆ ನಿಲ್ಲುವುದು ತಪ್ಪಿತು; ಗಂಗೂಬಾಯಿಯಂಥ ಹೆಣ್ಣುಮಗಳು ಯಾರ ಪಡಸಾಲೆಯ ಮರ್ಜಿಗೂ ಕಾಯದೆ, ಊರೆಲ್ಲ ಕೇಳುವಂತೆ ರೇಡಿಯೋದಲ್ಲಿ ಹಾಡಬಹುದಾಯಿತು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಎಪ್ಪತ್ತಾರರ ಆಲೂರು ವೆಂಕಟರಾಯರು ಅಂದು ಹಂಪಿಯಲ್ಲಿ ಭುವನೇಶ್ವರಿಯ ಪೂಜೆ ಮಾಡಿದರು. ಕೇಳಿದ್ದು ಸಿಕ್ಕಿತು. ಮನೆಗಳು ಹೊತ್ತಿದ್ದ ಭಾರವನ್ನು ಸಂಸ್ಥೆಗಳು ಇಳಿಸಿಕೊಂಡವು, ಪಡಸಾಲೆಗಳು ಮೆಲ್ಲಮೆಲ್ಲಗೆ ಬರೀ ಪಡಸಾಲೆಗಳಾದವು. 1962ರಲ್ಲಿ ಹುಬ್ಬಳ್ಳಿ ಧಾರವಾಡ ಒಂದೇ ಮಹಾನಗರಪಾಲಿಕೆಯಾದ ಮೇಲೆ ಊರಿನ ನಡೆಯೇ ಬದಲಾಯಿತು.

ಆ ಮನೆಗಳ ಈಗಿನ ಗತಿ ಒಂದೇ ತೆರನಲ್ಲ. ಬಹಳಷ್ಟು ಹೋಗಿವೆ. ಅಣ್ಣತಮ್ಮಂದಿರ ಹಿಸ್ಸೆಯಾದಾಗ ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಮುಪ್ಪಾದ ಒಂದು ಜೀವ ಉಳಿಯುತ್ತದೆ, ಆಮೇಲೆ ಬೀಗ. ಹಂಚಿನ ಮನೆ ಬೀಗವನ್ನು ತಾಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹಂಚು ಕೈಯಾಡಿಸಬೇಕು. ಒಂದು ಹಂಚು ಸರಿದರೆ ನೀರು ಜಂತಿಗೆ ಇಳಿಯುತ್ತದೆ, ಜಂತಿಯಿಂದ ಮಣ್ಣಿನ ಗೋಡೆಗೆ. ಗೋಡೆ ನೆನೆದು ಉಬ್ಬಿದರೆ ಎರಡು ಮಳೆಗಾಲ ಸಾಕು. ಸಾಗುವಾನಿ ತೊಲೆಗಳನ್ನು ಕೊಳ್ಳುವವರಂತೂ ಬಾಗಿಲಲ್ಲೇ ಇರುತ್ತಾರೆ. ಮಾರಿದವರನ್ನು ದೂರುವಂತಿಲ್ಲ. ಊರಿಗಾಗಿ ತೆರೆದಿದ್ದ ಮನೆಯ ರಿಪೇರಿಗೆ ಊರು ಯಾವತ್ತೂ ಒಂದು ಹಂಚನ್ನು ಕೊಟ್ಟಿಲ್ಲ.

ಗಂಗೂಬಾಯಿಯವರು ಹುಟ್ಟಿದ ಶುಕ್ರವಾರಪೇಟೆಯ ಮನೆಯನ್ನು ಸರಕಾರ ದುರಸ್ತಿ ಮಾಡಿಸಿ, ‘ಗಂಗೋತ್ರಿ’ ಎಂಬ ಹೆಸರಿಟ್ಟು, ಅವರಿನ್ನೂ ಬದುಕಿದ್ದಾಗಲೇ 2008ರಲ್ಲಿ ಸ್ಮಾರಕವಾಗಿ ತೆರೆಯಿತು. ಉತ್ಸಾಹ ಬಹಳ ದಿನ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಗೋಡೆ ಮಾಡು ಮತ್ತೆ ಶಿಥಿಲವಾಗಿ, ಪಾಳುಬಿದ್ದ ಮನೆಯೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅಬ್ದುಲ್ ಕರೀಂ ಖಾನರು ಕೂತು ಅಂಬಾಬಾಯಿಯ ಹಾಡು ಕೇಳಿದ ಮನೆಗೆ ಈ ಗತಿ ಬಂದದ್ದು ನನ್ನಿಂದ ಸಹಿಸಲಾಗದು. ಒಮ್ಮೆ ದುರಸ್ತಿ ಮಾಡುವುದಕ್ಕೆ ಅನುದಾನ ಸಿಗುತ್ತದೆ. ವರ್ಷ ವರ್ಷ ಹಂಚು ಕೈಯಾಡಿಸಲು, ದಿನಾ ಬಾಗಿಲು ತೆಗೆದು ಕಸ ಹೊಡೆಯಲು ಒಬ್ಬ ಮನುಷ್ಯನನ್ನು ನೇಮಿಸುವುದಕ್ಕೆ ಸಿಗುವುದಿಲ್ಲ. ಜಯಂತಿಯ ದಿನ ಹಾರ ಹಾಕಿಸಿಕೊಳ್ಳುವ ಮನೆ ಉಳಿಯುವುದಿಲ್ಲ. ಅಲ್ಲಿ ಪಾಠ ನಡೆಯಬೇಕು. ಶುಕ್ರವಾರಪೇಟೆಯ ಐದಾರು ಮಕ್ಕಳು ದಿನಾ ಸಂಜೆ ತಂಬೂರಿ ಹಿಡಿದು ಕೂತರೆ ಸೋರುವ ಮಾಡು ತಾನೇ ಕಣ್ಣಿಗೆ ಬೀಳುತ್ತದೆ.

ಬಳಕೆಯಲ್ಲಿರುವ ಮನೆಗಳು ಹೀಗಾಗಿಲ್ಲ. ಸಾಧನಕೇರಿಯ ಬೇಂದ್ರೆಯವರ ಮನೆಯ ಬಳಿ ಬೇಂದ್ರೆ ಭವನ ಎದ್ದಿದೆ, ಸಭೆ ನಡೆಯುತ್ತವೆ. ಮನಸೂರರ ‘ಮೃತ್ಯುಂಜಯ’ ಟ್ರಸ್ಟಿನ ಕೈಯಲ್ಲಿ ಸ್ಮಾರಕವಾಗಿ ಉಳಿದಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ರೈತರು, ಹೆಣ್ಣುಮಕ್ಕಳು ಬಂದು ಕೂತು ಬೆಳಗಿನ ರಾಗದ ತನಕ ಕೇಳುತ್ತಾರೆ. ಗಂಗೂಬಾಯಿ, ಭೀಮಸೇನರು ದೊಡ್ಡವರಾದ ಮೇಲೂ ಗುರುಗಳ ಆ ಊರಿಗೆ ಬಂದು ಹಾಡಿ ಹೋದರು.

ಅಟ್ಟದ ಕೆಲಸವೂ ನಿಂತಿಲ್ಲ. ಜಿ.ಬಿ. ಜೋಶಿಯವರ ತರುವಾಯ ಅವರ ಮಗ, ಮಗನ ಮಗ ಗ್ರಂಥಮಾಲೆಯನ್ನು ನಡೆಸಿಕೊಂಡು ಬಂದರು. ಜಗತ್ತಿನ ಯಾವ ಪ್ರಕಾಶಕರಾದರೂ ಕೈ ಚಾಚಿ ತೆಗೆದುಕೊಳ್ಳುವಷ್ಟು ದೊಡ್ಡವರಾಗಿದ್ದ ಗಿರೀಶ ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಕನ್ನಡದಲ್ಲೇ ಬರೆದು, 2011ರಲ್ಲಿ, ‘ಯಯಾತಿ’ ಬಂದು ಐವತ್ತು ವರ್ಷಕ್ಕೆ, ಸುಭಾಸ ರಸ್ತೆಯ ಅದೇ ಅಟ್ಟಕ್ಕೆ ಕೊಟ್ಟರು.